ಹಿಂದಿನ ಅರ್ಧದ ವಯಸ್ಸು

ಓಶ್, ಮಾರ್ಚ್ 24, 2014

ಎರ್ಮೆಕ್ ಅಣ್ಣಾ,

ಗಾಡಿ ಬಂತು. ನೊರೂಜ್ ಹಬ್ಬದ ಮರುದಿನ ಬೆಳಿಗ್ಗೆ ನಿನ್ನ ಗೆಳೆಯ ಮೆಲಿಸ್ ಓಣಿಯ ತುದಿಯಿಂದಲೇ ಹಾರನ್ ಒತ್ತುತ್ತಾ ತಂದು ನಿಲ್ಲಿಸಿದ. ಬೆಳ್ಳಿ ಬಣ್ಣ, ಹೊಸ ಸೀಟ್ ಕವರು, ಒಳಗೆಲ್ಲ ಹೊಸ ಮ್ಯಾಟು. ಮಾದರಿ ನಮ್ಮ ಹಳೆಯದರದ್ದೇ, ಆದರೆ ವಯಸ್ಸು ಒಂಬತ್ತೇ. ಅಪ್ಪ ಟೀ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದು ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲು ತೆರೆದು ಮುಚ್ಚಿದರು. ಮತ್ತೆ ತೆರೆದು ಮುಚ್ಚಿದರು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ನಾಲ್ಕೈದು ಸಲ. ಸಂತೋಷಕ್ಕೆ ಮಾತೇ ಹೊರಡಲಿಲ್ಲ ಅಂತ ಕಾಣುತ್ತದೆ.

ಈ ಚಳಿಗಾಲ ಅವರು ಹೇಗಿದ್ದರು ಅಂತ ನಿನಗೆ ಗೊತ್ತಾಗುವಂತಿಲ್ಲ. ನಿನ್ನ ಆ ಗ್ಯಾಸ್ ಬಾವಿಗಳ ಊರಿನಿಂದ ತಿಂಗಳಿಗೊಮ್ಮೆ ನೀನು ಫೋನು ಮಾಡುತ್ತೀ, ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ, ಅಪ್ಪ "ಚೆನ್ನಾಗಿದೀನಿ" ಅನ್ನುತ್ತಾರೆ, ಮುಗಿಯಿತು. ಹದಿನೈದು ವರ್ಷ ದಾಟಿದ ಗಾಡಿಗೆ ಊರಿಂದ ಊರಿಗೆ ಜನರನ್ನು ಸಾಗಿಸುವ ಪರವಾನಗಿ ಇಲ್ಲ ಅಂತ ಕಚೇರಿಯವರು ಹೇಳಿದ ದಿನದಿಂದ ಅವರು ಗಾಡಿಯಿಲ್ಲದೆಯೇ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಬೆಂಚಿನ ಮೇಲೆ ಕೂತು ಬೇರೆಯವರ ಗಾಡಿಗೆ ಜನರನ್ನು ಕೂಗಿ ಕರೆಯುತ್ತಿದ್ದರು. ಒಬ್ಬ ಚಾಲಕ, ಮರ್ಯಾದೆಗೆ ಬೈಕೆ ಅಂತ ಸೇರಿಸಿಯೇ, ಕೇಳಿದನಂತೆ, "ಏನ್ ತೊಕ್ತೊಸುನ್ ಬೈಕೆ, ನಿಮ್ಮ ಮುದುಕಿಗೆ ಪಿಂಚಣಿ ಕೊಟ್ರಂತೆ?" ಅಪ್ಪ, "ಅವಳಿಗೆ ಪಿಂಚಣಿಯಾದ್ರೂ ಸಿಕ್ತು. ನಿನ್ನ ಗಾಡಿ ದುಡಿಯೋ ವಯಸ್ಸಲ್ಲೇ ಕೆಮ್ಮುತ್ತಲ್ಲೋ" ಅಂದರಂತೆ. ಮನೆಗೆ ಬಂದು ನನಗೆ ಇದನ್ನು ನಗುತ್ತಾ ಹೇಳಿದರು. ಆಮೇಲೆ ಊಟ ಮಾಡಲಿಲ್ಲ.

ಜನವರಿಯಲ್ಲಿ ಮೆಲಿಸ್ ಬಂದು ಹಳೆಯದನ್ನು ಬಿಡಿಭಾಗಕ್ಕೆಂದು ಎಳೆದುಕೊಂಡು ಹೋದಾಗ ಅವರು ಗೇಟಿನವರೆಗೂ ಬರಲಿಲ್ಲ. ಇವತ್ತು ಕಚೇರಿಯವನು ಬಾನೆಟ್ ಎತ್ತಿ ನಂಬರು ಓದಿ, ಕಾಗದದ ಜೊತೆ ತಾಳೆ ನೋಡಿ, ಗಾಜಿಗೆ ಸ್ಟಿಕ್ಕರ್ ಅಂಟಿಸಿದ. ಹಿಂದೆ ಬಗ್ಗಿಯೂ ನೋಡಲಿಲ್ಲ. ಸ್ಟ್ಯಾಂಡಿನ ಹಿರಿಯರು ಅಂಗೈ ಬಿಡಿಸಿ ಹರಸಿದರು, ಎಲ್ಲರೂ ಮುಖ ಸವರಿಕೊಂಡೆವು. ಮೊದಲ ಪ್ರಯಾಣಿಕಳು ಉಜ್ಗೆನ್ ಕಡೆಯ ಒಬ್ಬ ಅಜ್ಜಿ. ಅಪ್ಪ ಅವರನ್ನು ಕೈಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದಾಗ ನನಗೆ ಅಳು ಬಂತು. ನಿನಗೆ ನೂರು ವರ್ಷ ಆಯಸ್ಸಾಗಲಿ.

ನಾನು ಸಪಾರ್ ಉಸ್ತಾನ ಗಾಡಿ ರಿಪೇರಿ ಶೆಡ್ಡಿನಲ್ಲೇ ಇದ್ದೇನೆ, ಮೇಸ್ತ್ರಿಯ ಕೈಕೆಳಗೆ. ಪುಟ್ಟಿ ಹಾಕುವುದು, ಉಜ್ಜುವುದು, ಪ್ರೈಮರ್ ಹೊಡೆಯುವುದು. ರೊಟ್ಟಿ ಅಂಗಡಿ, ಬಟ್ಟೆ ಅಂಗಡಿ ಎರಡನ್ನೂ ಬಿಟ್ಟ ಹಾಗೆ ಇದನ್ನೂ ಬಿಡುತ್ತೇನೆ ಅಂತ ನೀನು ಅಂದುಕೊಂಡಿದ್ದರೆ, ಇಲ್ಲ. ಇಲ್ಲಿ ಕೈ ಕುದುರಿದೆ.

ನಿನ್ನ
ಬುರುಲ್


ಉತ್ತರದ ಶಿಬಿರ, ಏಪ್ರಿಲ್ 19

ನನ್ನ ಹುಚ್ಚು ತಂಗಿಗೆ,

ಪಾಳಿ ಬದಲಾಗಿ ಬಂದ ಹುಡುಗ ನಿನ್ನ ಕಾಗದ ತಂದ. ಇಲ್ಲಿ ಇನ್ನೂ ಹಿಮ. ರೆಪ್ಪೆ ಅಂಟಿಕೊಳ್ಳುತ್ತದೆ. ಅಪ್ಪ ಅಜ್ಜಿಯನ್ನು ಮುಂದೆ ಕೂರಿಸಿದ್ದನ್ನು ಕೋಣೆಯವರಿಗೆಲ್ಲ ಓದಿ ಹೇಳಿದೆ. ಅಕ್ಟೋಬರಿನ ಆ ಒಂದು ರಜೆ ಬಿಟ್ಟರೆ ಈ ಹದಿನಾಲ್ಕು ತಿಂಗಳು ಇಲ್ಲಿ ಪೈಪು ಬೆಸೆದದ್ದು ಆ ಒಂದು ಸಾಲಿಗೋಸ್ಕರ ಅನ್ನಿಸಿತು.

ಅದೇ ಮಾದರಿ ಹುಡುಕಿದ್ದು ಬೇಕೆಂದೇ. ಅಪ್ಪನ ಕೈಕಾಲಿಗೆ ಅದರ ಅಭ್ಯಾಸ. ಒಂದು ಮಾತು: ನೀನು ಅದನ್ನು ಕೆದಕಲು ಹೋಗಬೇಡ. ನಿನ್ನನ್ನು ಮದುವೆಗೆ ಕರೆದರೆ ಮೇಜುಬಟ್ಟೆ ಎತ್ತಿ ಮೇಜಿನ ಕಾಲು ನೋಡುವವಳು ನೀನು. ಶಾಲೆಯಲ್ಲೂ ಹಾಗೇ ಮಾಡಿದೆ. ಟೀಚರು ಎಲ್ಲರಿಂದ ಒಂದು ಸಹಿ ಕೇಳಿದರು, ಎಲ್ಲರೂ ಹಾಕಿದರು, ನೀನು ಒಬ್ಬಳು ಎದ್ದು ನಿಂತು "ಇದರಲ್ಲಿ ಬರೆದಿರೋದು ಸುಳ್ಳು" ಅಂದೆ. ಏನಾಯಿತು? ಅವರು ಇನ್ನೂ ಟೀಚರು, ನೀನು ಪುಟ್ಟಿ ಉಜ್ಜುತ್ತಿದ್ದೀಯ. ಸೀಟ್ ಕವರು, ಮ್ಯಾಟು ಹೊಸವು, ಅವನ್ನು ತೆಗೆಯಬೇಡ, ಹಾಗೇ ಇರಲಿ.

ಇನ್ನೊಂದು ಸುದ್ದಿ. ನಿನ್ನ ಅತ್ತಿಗೆ ಚೋಲ್ಪೊನ್‌ಗೆ ಜುಲೈ ಕೊನೆಗೆ ಹೆರಿಗೆ. ಬಿಷ್ಕೆಕ್‌ನಲ್ಲಿ ಅವಳ ಅಜ್ಜಿಯ ಮನೆಯಲ್ಲೇ ಇರುತ್ತಾಳೆ. ನೀನು ಅತ್ತೆಯಾಗುತ್ತೀ ಕಣೇ! ಇನ್ನಾದರೂ ಸ್ವಲ್ಪ ದೊಡ್ಡವಳಾಗು.

ಎರ್ಮೆಕ್


ಓಶ್, ಮೇ 11

ಅಣ್ಣಾ,

ನಿನಗೆ ಮೋಸವಾಗಿದೆ. ಇದನ್ನು ಹೇಗೆ ಬರೆಯಬೇಕು ಅಂತ ಎರಡು ದಿನ ಯೋಚಿಸಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಗುರುವಾರ ಘಾಟಿಯಲ್ಲಿ ಒಂದು ಮಗು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿತು. ಅಪ್ಪ ತೊಳೆಯಲು ಹೇಳಿದರು. ನಾನು ಮ್ಯಾಟ್ ಎತ್ತಿದೆ. ನೀನು ಎತ್ತಬೇಡ ಅಂದಿದ್ದೆ, ಗೊತ್ತು. ಆದರೆ ಹುಳಿ ಮೊಸರಿನ ವಾಸನೆ ಮ್ಯಾಟಿನ ಮೇಲೆ ನೀರು ಹಾಕಿದರೆ ಹೋಗುವುದಿಲ್ಲ. ಮುಂದಿನ ಸೀಟುಗಳ ಬೆನ್ನ ಹಿಂದೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ, ನೆಲದ ತಗಡಿಗೆ ಅಡ್ಡಲಾಗಿ ಬೆಸುಗೆಯ ಗೆರೆ. ಹೊಟ್ಟೆ ಕೊಯ್ಸಿಕೊಂಡವರ ಗಾಯದ ಹಾಗೆ. ಗೆರೆಯ ಮುಂದೆ ತಗಡು ಶುದ್ಧ. ಹಿಂದೆ ತುಕ್ಕು, ಅದರ ಮೇಲೆ ಡಾಂಬರು ಬಳಿದಿದ್ದಾರೆ. ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಹಿಂದಿನ ಸೀಟಿನ ಬೋಲ್ಟುಗಳು ಕೂತಿರುವುದು ಆ ಪುಡಿಯಲ್ಲಿ.

ಸುಂಕ ಉಳಿಸಲು ಗಾಡಿಯನ್ನು ಎರಡು ತುಂಡು ಮಾಡಿ, ಬಿಡಿಭಾಗ ಅಂತ ತಂದು, ಇಲ್ಲಿ ಮತ್ತೆ ಅಂಟಿಸುವುದು ನಮ್ಮೂರಿಗೆ ಹೊಸದಲ್ಲ. ಆದರೆ ಅದು ಒಂದೇ ಗಾಡಿಯ ಎರಡು ತುಂಡು. ಇದು ಎರಡು ಗಾಡಿ. ಮುಂದಿನ ಅರ್ಧಕ್ಕೆ ಒಂಬತ್ತು ವರ್ಷ. ಹಿಂದಿನದಕ್ಕೆ ಎಷ್ಟೋ, ದೇವರೇ ಬಲ್ಲ. ನಂಬರು ಇರುವುದು ಬಾನೆಟ್ಟಿನ ಒಳಗೆ. ಕಚೇರಿಯವನು ನೋಡುವುದೂ ಅದನ್ನೇ. ಹಾಗಾಗಿ ಪರವಾನಗಿ ಸಿಕ್ಕಿರುವುದು ಅಪ್ಪ ಕೂರುವ ಅರ್ಧಕ್ಕೆ. ಪ್ರಯಾಣಿಕರು ಕೂರುವ ಅರ್ಧಕ್ಕೆ ಯಾರೂ ವಯಸ್ಸು ಕೇಳಿಲ್ಲ.

ಇನ್ನೂ ಇದೆ. ಎಡಗಡೆ ಹಿಂದಿನ ಬಾಗಿಲಿನ ಕೆಳಗೆ, ಹತ್ತುವಾಗ ಕಾಲಿಡುವ ಪಟ್ಟಿಯ ಅಡಿಗೆ ಕೈ ಹಾಕಿ ಸವರಿದೆ. ಬಾರ್ಲಿ ಕಾಳಿನಷ್ಟು ಒಂದು ಹನಿ ಸಿಕ್ಕಿತು. ಪ್ರೈಮರ್ ಒಣಗುವ ಮೊದಲು ಇಳಿದರೆ ಹಾಗಾಗುತ್ತದೆ. ನಮ್ಮ ಶೆಡ್ಡಿನಲ್ಲಿ ಅದಕ್ಕೆ ಕಣ್ಣೀರು ಅನ್ನುತ್ತೇವೆ. ಅದು ನನ್ನದು. ಫೆಬ್ರವರಿಯಲ್ಲಿ ಬಾಗಿಲು, ದೀಪ, ಸೀಟು ಏನೂ ಇಲ್ಲದ ಬರಿಯ ಮೈಯೊಂದು ಶೆಡ್ಡಿಗೆ ಬಂದಿತ್ತು, ಸುತ್ತ ಪೇಪರು ಅಂಟಿಸಿದ್ದರು. "ಯಾರೋ ಗೋಡೆಗೆ ಉಜ್ಜಿದಾರೆ, ಅಂಚಿಗೆ ಪುಟ್ಟಿ ಹಾಕು" ಅಂದಿದ್ದ ಸಪಾರ್ ಉಸ್ತಾ. ಆ ಹನಿಯನ್ನು ಉಜ್ಜಲು ಹೋದರೆ "ಬಿಡು, ಅಡೀಲಿ ಯಾರ್ ನೋಡ್ತಾರೆ" ಅಂದ. ಮೇಲೆ ಬೇರೆ ಯಾರೋ ಬೆಳ್ಳಿ ಬಣ್ಣ ಹೊಡೆದಿದ್ದಾರೆ. ಹನಿ ಹನಿಯಾಗಿಯೇ ಇದೆ.

ನೇರವಾಗಿ ಹೋಗಿ ಕೇಳಿದೆ. "ಉಸ್ತಾ, ಆ ಗಾಡಿ ಯಾರದು?"

"ಗಾಡಿ ಅಂದ್ರೆ ಗಾಡಿ. ಅದರ ಅಪ್ಪ ಅಮ್ಮ ಯಾರು ಅಂತ ಕೇಳೋಕೆ ನಾನೇನು ಬೀಗತನ ಮಾಡ್ತಿದ್ನಾ?"

"ನೀವು ಮೋಸಗಾರರು! ನನ್ನಣ್ಣನಿಗೆ ಮೋಸ ಮಾಡಿದ್ರಿ!"

ಎಲ್ಲರೂ ಕೆಲಸ ನಿಲ್ಲಿಸಿದರು. ಆ ಮನುಷ್ಯ ನನ್ನ ಕಡೆ ತಿರುಗಿದ. "ನಿನ್ನಣ್ಣನಿಗಾ?" ಅಂದ. ಅಷ್ಟೇ. ಗ್ರೈಂಡರ್ ಎತ್ತಿಕೊಂಡ. ಎಷ್ಟು ನಾಚಿಕೆಗೆಟ್ಟವನು ನೋಡು. ನಾನು ಏಪ್ರನ್ ಬಿಚ್ಚಿ ಅವನ ಕಾಲ ಬಳಿ ಎಸೆದು ಬಂದೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ನೀನು ಕೊಡಿಸಿದ ಗಾಡಿ, ನಿನ್ನನ್ನು ಕೇಳದೆ ಹೇಗೆ ಹೇಳಲಿ? ಆದರೆ ಅವರು ದಿನವೂ ಜನರನ್ನು ತುಂಬಿಕೊಂಡು ಘಾಟಿ ಹತ್ತುತ್ತಿದ್ದಾರೆ. ಬೇಗ ಬರೆ. ಆ ಮಾರಿದವನ ಹೆಸರು ಕೊಡು, ನಾನೇ ಹೋಗುತ್ತೇನೆ.

ಬುರುಲ್


ಉತ್ತರದ ಶಿಬಿರ, ಜೂನ್ 8

ಬುರುಲ್,

ನಿಧಾನ. ಮೊದಲು ಕೂತುಕೊಂಡು ಓದು.

ಸಪಾರ್ ಉಸ್ತಾನ ಮೇಲೆ ಕೂಗಾಡಿದ್ದು ತಪ್ಪು. ವಯಸ್ಸಾದ ಮನುಷ್ಯ, ನಿನಗೆ ಕೆಲಸ ಕಲಿಸಿದವನು. ಹೋಗಿ ಕ್ಷಮೆ ಕೇಳು. ಮಾರಿದವನ ಜೊತೆ ನಾನು ಮಾತಾಡಿಕೊಳ್ಳುತ್ತೇನೆ, ಅದು ಗಂಡಸರ ವಿಷಯ, ನೀನು ಎಲ್ಲಿಗೂ ಹೋಗಬೇಡ. ಬೆಸುಗೆ ಅಂದರೆ ನೀನು ಹೆದರುತ್ತೀ. ನನಗೆ ಬೆಸುಗೆ ಗೊತ್ತು. ಇಲ್ಲಿ ಇಡೀ ಊರಿನಷ್ಟು ಗ್ಯಾಸನ್ನು ಬೆಸುಗೆಯೇ ಹಿಡಿದುಕೊಂಡಿದೆ. ಸರಿಯಾಗಿ ಹಾಕಿದ ಬೆಸುಗೆ ತಗಡಿಗಿಂತ ಗಟ್ಟಿ.

ಅಪ್ಪನಿಗೆ ಹೇಳಬೇಡ. ಅವರ ಎದೆ ನೋವು ನಿನಗೆ ಗೊತ್ತು. ಹೇಳಿ ಏನು ಸಾಧಿಸುತ್ತೀ? ಮತ್ತೆ ಅದೇ ಬೆಂಚು.

ಒಳ್ಳೆಯ ವಿಷಯ ಮಾತಾಡೋಣ. ಸೆಪ್ಟೆಂಬರಿನಲ್ಲಿ ನನಗೆ ರಜೆ. ಮಗುವಿಗೆ ನಲವತ್ತು ದಿನ ತುಂಬಿದ ಮೇಲೆ ಎಲ್ಲರೂ ಓಶ್‌ಗೆ ಬರುತ್ತೇವೆ, ತೊಟ್ಟಿಲ ಹಬ್ಬ ನಮ್ಮ ಮನೆಯಲ್ಲೇ. ಅಪ್ಪ ಬಿಷ್ಕೆಕ್‌ಗೆ ಬಂದು ನಮ್ಮನ್ನು ಕರೆದುಕೊಂಡು ಹೋಗಲಿ, ತಮ್ಮದೇ ಗಾಡಿಯಲ್ಲಿ. ಚೋಲ್ಪೊನ್‌ಳ ಅಜ್ಜಿಯೂ ಬರುತ್ತಾರೆ. ಒಂದು ಮಾತನ್ನು ಅಪ್ಪನಿಗೆ ನೀನೇ ಹೇಳಿಡು, ನಾನು ಹೇಳಿದರೆ ಚೆನ್ನಾಗಿರುವುದಿಲ್ಲ. ಚೋಲ್ಪೊನ್ ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂರಲಿ. ಅಜ್ಜಿ ನನ್ನ ಜೊತೆ ಹಿಂದೆ. ತಿರುವುಗಳಲ್ಲಿ ಚೋಲ್ಪೊನ್‌ಗೆ ತಲೆ ಸುತ್ತುತ್ತದೆ.

ತೊಟ್ಟಿಲಿಗೆ ಬಣ್ಣ ನೀನೇ ಬಳಿಯಬೇಕು.

ಎರ್ಮೆಕ್


ಓಶ್, ಜೂನ್ 29

ಮುಂದೆ ಯಾರು ಕೂರುತ್ತಾರೆ, ಅಣ್ಣಾ?

ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಎಂಬತ್ತು ದಾಟಿದ ಅಜ್ಜಿ ಹಿಂದೆ, ನಿನ್ನೆ ಮೊನ್ನೆ ಮನೆಗೆ ಬಂದ ಸೊಸೆ ಮುಂದೆ. ನಮ್ಮಲ್ಲಿ ಕುಡಿದು ತೂರಾಡುವವನೂ ಮುದುಕಿಯನ್ನು ಕಂಡರೆ ಮುಂದಿನ ಸೀಟು ಬಿಟ್ಟು ಇಳಿಯುತ್ತಾನೆ. ನೀನು ಅಂಥ ಮರ್ಯಾದೆ ಮೀರುವವನಲ್ಲ. ಊರಿಗೆ ಬಂದಾಗ ನಿನಗಿಂತ ಒಂದು ವರ್ಷ ದೊಡ್ಡವನಿಗೂ ಎದ್ದು ನಿಲ್ಲುತ್ತೀ. ಚೋಲ್ಪೊನ್‌ಗೆ ತಲೆ ಸುತ್ತುತ್ತದೆಯೇ? ಹೋದ ಬೇಸಿಗೆ ಹುಲ್ಲುಗಾವಲಿಗೆ ಹೋಗುವಾಗ ಅವಳು ಲಾರಿಯ ಹಿಂದೆ ಕಂಬಳಿ ಮೂಟೆಗಳ ಮೇಲೆ ಕೂತು ದಾರಿಯುದ್ದಕ್ಕೂ ಜರ್ದಾಳು ತಿಂದಳು, ಬೀಜಗಳನ್ನು ನನ್ನ ತಲೆಗೆ ಹೊಡೆದಳು.

ಮಾರಿದವನು ಯಾರೂ ಇಲ್ಲ. ಅಲ್ಲವೇ? ಸಪಾರ್ ಉಸ್ತಾ "ನಿನ್ನಣ್ಣನಿಗಾ?" ಅಂದದ್ದು ಯಾಕೆ ಅಂತ ಈಗ ಅರ್ಥವಾಯಿತು. ಬೆಸುಗೆ ತಗಡಿಗಿಂತ ಗಟ್ಟಿ ಅಂತ ನನಗೆ ಬರೆಯುತ್ತೀ, ನಿನ್ನ ಮಗುವನ್ನು ಮಾತ್ರ ಬೆಸುಗೆಯ ಈಚೆ ಕೂರಿಸುತ್ತೀ.

ಕಾಗದ ಬಂದ ಸಂಜೆಯೇ ಅಪ್ಪನಿಗೆ ಹೇಳಿದೆ. ಮಲ್ಬರಿ ಮರದ ಕೆಳಗೆ ಟೀ ಕುಡಿಯುತ್ತಿದ್ದರು.

"ಅಪ್ಪ, ಗಾಡಿಯ ಹಿಂದಿನ ಅರ್ಧ ಬೇರೆ ಗಾಡೀದು."

"ಬೇರೆ ಗಾಡೀದಲ್ಲ," ಅಂದರು. "ನಮ್ಮದೇ."

ನನಗೆ ತಿಳಿಯಲಿಲ್ಲ.

"ನಮ್ಮ ಮುದುಕೀದೇ ಕಣೆ. ಆ ಬಾಗಿಲನ್ನ ಹನ್ನೆರಡು ವರ್ಷ ಮುಚ್ಚಿದೀನಿ. ಸದ್ದು ಗೊತ್ತಾಗಲ್ವಾ?"

ಮೊದಲ ದಿನ ನಾಲ್ಕೈದು ಸಲ ಬಾಗಿಲು ತೆರೆದು ಮುಚ್ಚಿದ್ದು ಅದಕ್ಕೆ. ನಾನು ನಿನಗೆ ಸಂತೋಷ ಅಂತ ಬರೆದಿದ್ದೆ.

"ಗೊತ್ತಿದ್ದೂ ಸುಮ್ನಿದ್ರಾ?"

"ಮಗ ಅಷ್ಟು ದೂರದಿಂದ ಕಳಿಸಿದಾನೆ. ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು?"

"ಹಿಂದೆ ಕೂರೋರಿಗೆ ಏನ್ ಹೇಳ್ತೀರಿ?"

"ನಿಧಾನಕ್ಕೆ ಓಡಿಸ್ತೀನಿ," ಅಂದರು. ಬಟ್ಟಲು ಮುಂದೆ ಚಾಚಿದರು. ನಾನು ಟೀ ಬಗ್ಗಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎಂದಿನ ಹಾಗೆ ಗಾಡಿ ತೊಳೆದು ಸ್ಟ್ಯಾಂಡಿಗೆ ಹೋದರು. ನಾನೂ ಹೋದೆ. ಅಪ್ಪ "ಬಿಷ್ಕೆಕ್! ಬಿಷ್ಕೆಕ್! ಇನ್ನು ಮೂವರು!" ಅಂತ ಕೂಗುತ್ತಿದ್ದರು. ನಾನು ಹಿಂದಿನ ಬಾಗಿಲ ಪಕ್ಕ ನಿಂತು, ಬಂದವರಿಗೆಲ್ಲ ಹೇಳಿದೆ: "ಮುಂದಿನ ಅರ್ಧಕ್ಕೆ ಒಂಬತ್ತು ವರ್ಷ, ಹಿಂದಿನ ಅರ್ಧಕ್ಕೆ ಇಪ್ಪತ್ತೊಂದು. ಮಧ್ಯೆ ಬೆಸುಗೆ ಇದೆ, ಆಚೆ ತುಕ್ಕು. ಮ್ಯಾಟ್ ಎತ್ತಿ ನೋಡಿ ಕೂತ್ಕೊಳ್ಳಿ."

ಒಬ್ಬ ಅಜ್ಜಿ ನಕ್ಕುಬಿಟ್ಟರು. "ನನಗೆ ಎಪ್ಪತ್ತಾರು ಮಗಳೇ. ಇಪ್ಪತ್ತೊಂದು ಅಂದ್ರೆ ಇನ್ನೂ ಮದುವೆ ವಯಸ್ಸಲ್ವಾ?" ಅಂತ ಮುಂದಿನ ಸೀಟಿನಲ್ಲಿ ಕೂತರು. ಆದರೆ ಎರಡು ಮಕ್ಕಳ ತಾಯಿಯೊಬ್ಬಳು ಬಗ್ಗಿ ಮ್ಯಾಟ್ ಎತ್ತಿದಳು. ಒಂದು ಮಾತೂ ಆಡದೆ ಮಕ್ಕಳ ಕೈ ಹಿಡಿದು ನಡೆದಳು. ಅಜ್ಜಿಯೂ ಕಾದು ಕಾದು ಇಳಿದರು. ತುಂಬದೆ ಗಾಡಿ ಹೊರಡುವುದಿಲ್ಲ. ಅವತ್ತು ತುಂಬಲಿಲ್ಲ.

"ಹುಡುಗಿಗೆ ಬಿಸಿಲು ಬಡಿದಿದೆ, ಮನೇಲಿ ಕೂಡಿಹಾಕಿ ಬೈಕೆ," ಅಂದ ಒಬ್ಬ ಚಾಲಕ.

"ನಿಮ್ಮ ಗಾಡೀದೂ ಮ್ಯಾಟ್ ಎತ್ಲಾ?" ಅಂದೆ. ಅವನು ಹೋಗಿ ತನ್ನ ಗಾಡಿಯ ಬಾಗಿಲು ಮುಚ್ಚಿದ.

ಅಪ್ಪ ನನ್ನ ಕಡೆ ನೋಡಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ಖಾಲಿ ಗಾಡಿಯನ್ನು ನಿಧಾನಕ್ಕೆ ಓಡಿಸಿಕೊಂಡು ಮನೆಗೆ ಬಂದರು. ದಿನವೂ ಅವರು ಹೋಗುತ್ತಿದ್ದಾರೆ, ದಿನವೂ ನಾನೂ ಹೋಗುತ್ತಿದ್ದೇನೆ. ನಮ್ಮಿಬ್ಬರ ನಡುವೆ ಮಾತು ನಿಂತಿದೆ.

ಹಳೆಯ ಗಾಡಿ ಮುದಿಯಾಗಿತ್ತು, ನಿಜ. ಆದರೆ ಒಂದೇ ತುಂಡಾಗಿತ್ತು. ನೀನು ಅದನ್ನು ಕತ್ತರಿಸಿ ಅದಕ್ಕಿಂತ ಕೆಟ್ಟದ್ದನ್ನು ಮಾಡಿ ಅದಕ್ಕೆ ಹೊಸದು ಅಂತ ಹೆಸರಿಟ್ಟೆ. ಅದರಲ್ಲಿ ಕೂತವರೆಲ್ಲ ನಮ್ಮ ಅಪ್ಪನ ಬಿಳಿ ಗಡ್ಡ ನೋಡಿ ಕೂತವರು.

ಬುರುಲ್


ಉತ್ತರದ ಶಿಬಿರ, ಜುಲೈ 27

ಬುರುಲ್,

ನಿನ್ನ ಕಾಗದ ಬರುವ ಮೊದಲೇ ಸುದ್ದಿ ಬಂದಿತ್ತು. ಓಶ್‌ನ ಸ್ಟ್ಯಾಂಡಿನಲ್ಲಿ ಆದದ್ದು ಇಲ್ಲಿಯವರೆಗೆ ಮುಟ್ಟುತ್ತದೆ. ಊಟದ ಸಾಲಿನಲ್ಲಿ ಒಬ್ಬ ಕೇಳಿದ, "ಏನಪ್ಪ, ನಿಮ್ಮಪ್ಪನಿಗೆ ಅರ್ಧ ಗಾಡಿ ಕಳಿಸಿದ್ಯಂತೆ?"

ಹೌದು, ಅರ್ಧ ಗಾಡಿ. ಕೈಯಲ್ಲಿದ್ದದ್ದು ಅರ್ಧಕ್ಕೆ ಸಾಕಾಯಿತು, ಅರ್ಧ ಕೊಂಡೆ. ಉಳಿದ ಅರ್ಧ ಮನೆಯಲ್ಲೇ ಇತ್ತು. ಅದು ಯಾರದೋ ಕಸವಲ್ಲ, ಅಪ್ಪನದೇ. ಹನ್ನೆರಡು ವರ್ಷ ಒಬ್ಬರಿಗೂ ಗಾಯ ಮಾಡದೆ ಜನರನ್ನು ಹೊತ್ತದ್ದು. ಒಂದು ಕಚೇರಿ ಒಂದು ದಿನ ಬೆಳಿಗ್ಗೆ ಎದ್ದು ಹದಿನೈದು ಅಂದುಬಿಟ್ಟರೆ ಅದು ಒಂದೇ ರಾತ್ರಿಯಲ್ಲಿ ಕೊಲೆಗಾರನಾಗುತ್ತದೆಯೇ? ಬರುವ ವಸಂತಕ್ಕೆ ಪೂರ್ತಿ ಗಾಡಿ ಕೊಡಿಸುವವನಿದ್ದೆ. ಅಲ್ಲಿಯವರೆಗೆ ಸುಮ್ಮನಿರಲು ನಿನ್ನಿಂದ ಆಗಲಿಲ್ಲ.

ಸಪಾರ್ ಉಸ್ತಾ ಮೊದಲು ಒಪ್ಪಲಿಲ್ಲ. ಎರಡು ಸಲ ಮೆಲಿಸ್‌ನನ್ನು ವಾಪಸು ಕಳಿಸಿದ. ನಾನು ಫೋನಿನಲ್ಲಿ ಅತ್ತು ಒಪ್ಪಿಸಿದೆ. ಯಾರಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡೆ, ನೀನು ಎಲ್ಲರೆದುರು ಉಗಿದಾಗಲೂ ಆ ಮನುಷ್ಯ ಮಾತು ಉಳಿಸಿಕೊಂಡ. ಅಂಚಿನ ಪುಟ್ಟಿ ಬುರುಲ್‌ಳಿಂದಲೇ ಹಾಕಿಸಿ ಅಂದವನೂ ನಾನೇ. ಬೇರೆ ಯಾರು ಮಾಡಿದ್ದರೂ ಕಚೇರಿಯವನ ಕಣ್ಣಿಗೆ ಗೆರೆ ಬೀಳುತ್ತಿತ್ತು. ನಿನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆ. ಇದನ್ನು ಹೊಗಳಿಕೆ ಅಂತಲೇ ತಿಳಿ.

ಆದರೆ ನೀನು ಬಿಳಿ ಗಡ್ಡದ ತಂದೆಯ ಎದುರು ಬೀದಿಯಲ್ಲಿ ನಿಂತು ಅವರ ಅನ್ನಕ್ಕೆ ಮಣ್ಣು ಹಾಕಿದೆ. ಅಪರಿಚಿತರಿಗಾಗಿ. ಆ ಎರಡು ಮಕ್ಕಳ ತಾಯಿ ನಿನಗೆ ಏನಾಗಬೇಕು? ಅವಳ ಹೆಸರಾದರೂ ಗೊತ್ತೇ?

ಅಪ್ಪನ ಕಾಲು ಮುಟ್ಟಿ ತಪ್ಪಾಯಿತು ಅನ್ನುವವರೆಗೆ ನನಗೆ ಬರೆಯಬೇಡ.

ಎರ್ಮೆಕ್


ಉತ್ತರದ ಶಿಬಿರ, ಆಗಸ್ಟ್ 17

ಬುರುಲ್,

ಬರೆಯಬೇಡ ಅಂದರೆ ನಿಜವಾಗಿಯೂ ಬರೆಯುವುದಿಲ್ಲವೇ? ಈ ಸಲ ಬಂದ ಹುಡುಗನ ಚೀಲವನ್ನು ನಾನೇ ಎರಡು ಸಲ ತೆಗೆದು ನೋಡಿದೆ.

ಮಗಳು ಹುಟ್ಟಿದ್ದಾಳೆ. ನಿನ್ನ ಹಾಗೇ ಹಣೆ ಅಂತೆ, ಹಟವೂ ಹಾಗೇ ಇರಬಹುದು. ಹೆಸರು ಅಪ್ಪ ಇಡಲಿ.

ಗಾಡಿಯ ವಿಷಯ ಬಗೆಹರಿಸಿದ್ದೇನೆ. ಕಾಗದ ನನ್ನ ಹೆಸರಿನಲ್ಲಿದೆ, ಮೆಲಿಸ್ ಬಂದು ತೆಗೆದುಕೊಂಡು ಹೋಗುತ್ತಾನೆ. ಮಾರಿ ಬಂದ ದುಡ್ಡಿನಲ್ಲಿ ಅಪ್ಪನಿಗೆ ಬೇರೆ ಏನಾದರೂ ನೋಡೋಣ. ಇನ್ನು ನೀನು ಸ್ಟ್ಯಾಂಡಿನಲ್ಲಿ ನಿಲ್ಲುವ ಕಾರಣವಿಲ್ಲ. ಎಲ್ಲರಿಗೂ ಒಳ್ಳೆಯದಾಯಿತು.

ತೊಟ್ಟಿಲಿಗೆ ಬಣ್ಣ ಬಳಿದೆಯಾ? ಒಂದು ಸಾಲು ಬರೆ.

ಅಣ್ಣ


ಓಶ್, ಸೆಪ್ಟೆಂಬರ್ 5

ಎರ್ಮೆಕ್ ಅಣ್ಣಾ,

ಅಪ್ಪನ ಕಾಲು ಮುಟ್ಟಿ ತಪ್ಪಾಯಿತು ಅಂದಿಲ್ಲ, ಆದರೂ ಬರೆಯುತ್ತಿದ್ದೇನೆ. ನೀನು ಹೊರಡುವ ಮೊದಲು ಇದು ನಿನಗೆ ಸಿಗಬೇಕು.

ನಿನ್ನ ಜುಲೈ ಕಾಗದ ಓದಿದ ಮೇಲೆ ಸಪಾರ್ ಉಸ್ತಾನ ಹತ್ತಿರ ಹೋದೆ. "ನನ್ನಣ್ಣನಿಗೆ ಮೋಸ ಮಾಡಿದ್ರಿ ಅಂದದ್ದು ತಪ್ಪು, ಕ್ಷಮಿಸಿ. ಮೋಸಗಾರ ಅಂದದ್ದು ತಪ್ಪಲ್ಲ" ಅಂದೆ. ಅವನು, "ಕ್ಷಮೆ ಕೇಳೋದ್ರಲ್ಲೂ ಅರ್ಧ ಗಾಡಿ ತಂದ್ಯಲ್ಲೇ" ಅಂದ. ಆಮೇಲೆ ಶೆಡ್ಡಿನ ಬಾಗಿಲು ಹಾಕಿ ಬಂದು, "ಆ ಹಿಂದಿನ ತಗಡಿಗೆ ಬೆಸುಗೆ ಹಿಡೀತಾನೇ ಇರ್ಲಿಲ್ಲ. ಮೂರು ಸಲ ತೂತಾಯ್ತು. ಆಗ್ಲೇ ನಿಲ್ಲಿಸ್ಬೇಕಿತ್ತು" ಅಂದ. ತಗಡಿಗಿಂತ ಬೆಸುಗೆ ಗಟ್ಟಿ ಅಂದಿದ್ದೆಯಲ್ಲ, ನಿಜವೇ ಇರಬಹುದು. ಬೆಸುಗೆ ಹಿಡಿದುಕೊಳ್ಳಲು ಆಚೆ ತಗಡು ಇರಬೇಕು.

ನಿನ್ನ ಹೊಗಳಿಕೆಯನ್ನು ನಾನು ಇಟ್ಟುಕೊಳ್ಳಲಾರೆ. ಜೀವಮಾನದಲ್ಲಿ ನನ್ನ ಕೈಗೆ ಸರಿಯಾಗಿ ಬಂದದ್ದು ಅದೊಂದೇ ಕೆಲಸ. ಅದನ್ನೇ ನೀನು ಸುಳ್ಳು ಮುಚ್ಚಲು ಬಳಸಿದೆ, ನನಗೆ ಹೇಳದೆ. ಹೇಳಿದ್ದರೆ ನಾನು ಒಲ್ಲೆ ಅನ್ನುತ್ತಿದ್ದೆ ಅಂತ ನಿನಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಈಗಲೂ ಪುಟ್ಟಿ ಡಬ್ಬಿ ತೆರೆದರೆ ಕೈ ಹಿಂದೆ ಸರಿಯುತ್ತದೆ. ತೊಟ್ಟಿಲಿಗೆ ಬಣ್ಣ ಬಳಿದಿಲ್ಲ.

ಅಪ್ಪನ ವಿಷಯ. ಆಗಸ್ಟ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅವರು ಗಾಡಿ ತೊಳೆಯಲಿಲ್ಲ. ಮಲ್ಬರಿ ಮರದ ಕೆಳಗೆ ಕೂತು, ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನ ಹೆಸರು ಕರೆದರು. "ಬುರುಲ್, ಟೀ ಬಗ್ಗಿಸು." ಬಗ್ಗಿಸಿದೆ.

"ಆ ಮಕ್ಕಳ ತಾಯಿ ಒಂದ್ ಮಾತು ಬೈದಿದ್ರೆ ಚೆನ್ನಾಗಿತ್ತು," ಅಂದರು. "ಸುಮ್ನೆ ಹೋದ್ಳು."

ಆಮೇಲೆ ಅಂದರು, "ಸೋಮವಾರ ಗಾಡೀನ ಸಪಾರ್ ಹತ್ರ ತಗೊಂಡ್ ಹೋಗಿ ಗುಜರಿಗೆ ಕುಯ್ಸಿಬಿಡೋಣ."

ನಾನು ಕುಣಿಯಲಿಲ್ಲ, ನೀನು ಅಂದುಕೊಂಡಿರಬಹುದು ಕುಣಿದಳು ಅಂತ. ಅವರ ಪಕ್ಕ ಕೂತು ನಾನೂ ಟೀ ಕುಡಿದೆ.

ಶನಿವಾರ, ನಿನ್ನ ಆಗಸ್ಟ್ ಕಾಗದ ನಮಗೆ ಮುಟ್ಟುವ ಮೊದಲೇ, ಮೆಲಿಸ್ ಬಂದ.

"ತಪ್ಪು ತಿಳ್ಕೋಬೇಡಿ ಬೈಕೆ. ಓನರ್ ಹೇಳಿದಾನೆ, ತಗೊಂಡ್ ಬಾ ಅಂತ."

"ಓನರ್ ಯಾರಪ್ಪ?" ಅಂದರು ಅಪ್ಪ. ನಿಜಕ್ಕೂ ಅವರಿಗೆ ಅರ್ಥವಾಗಿರಲಿಲ್ಲ.

"ನಿಮ್ಮ ಮಗ ಅಲ್ವಾ?"

ನಾನು ಗೇಟಿಗೆ ಅಡ್ಡ ನಿಂತೆ. "ಯಾರಿಗೆ ಮಾರ್ತೀಯೋ?"

"ಆಗ್ಲೇ ಮಾರಾಯ್ತು ತಂಗಿ. ಬಿಷ್ಕೆಕ್ ಕಡೆಯೋರು. ಬಣ್ಣ ಬದಲಾಯಿಸಿ ಇದೇ ರೂಟಲ್ಲಿ ಓಡಿಸ್ತಾರಂತೆ. ಸ್ಟಿಕ್ಕರ್ ಇದೆಯಲ್ಲ, ಅದಕ್ಕೇ ಬೆಲೆ."

"ಹಿಂದಿನ ಅರ್ಧದ್ದು ಹೇಳಿದೀಯಾ ಅವರಿಗೆ?"

"ಅವರು ಕೇಳ್ಲಿಲ್ಲ," ಅಂದ.

ಅಪ್ಪ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಬೀಗದ ಕೈ ಕೊಟ್ಟರು. ಹಿಂದಿನ ಬಾಗಿಲನ್ನು ಒಂದು ಸಲ ತೆರೆದು ಮುಚ್ಚಿದರು. ಈ ಸಲ ಒಂದೇ ಸಲ.

ನೀನು ನನ್ನ ಕೈಯನ್ನು ಕೇಳದೆ ಬಳಸಿದೆ. ಅಪ್ಪ ಸರಿಯಾದದ್ದನ್ನು ಮಾಡಲು ಎದ್ದು ನಿಂತ ವಾರವೇ ಅದನ್ನೂ ಅವರ ಕೈಯಿಂದ ಕಿತ್ತುಕೊಂಡೆ. ಗೊತ್ತಿಲ್ಲದೆ ಕಿತ್ತುಕೊಂಡೆ ಅನ್ನುತ್ತೀ. ಇರಬಹುದು. ಕೇಳಲಿಲ್ಲವಲ್ಲ.

ಈಗ ನಿನ್ನ ಪ್ರಯಾಣ. ಅಪ್ಪ ಬಿಷ್ಕೆಕ್‌ಗೆ ಬರಲಾರರು, ಬರಲು ಗಾಡಿಯಿಲ್ಲ. ನೀವು ಯಾರದೋ ಟ್ಯಾಕ್ಸಿ ಹಿಡಿಯಬೇಕು. ಎಲ್ಲದರ ಗಾಜಿನ ಮೇಲೂ ಸ್ಟಿಕ್ಕರ್ ಇರುತ್ತದೆ. ಚಾಲಕನ ಗಡ್ಡ ಬೆಳ್ಳಗಿರಬಹುದು. ಅಜ್ಜಿಯನ್ನು ನೋಡಿದ ಕೂಡಲೇ ಅವನು ಮುಂದಿನ ಬಾಗಿಲು ತೆರೆದು "ಬನ್ನಿ ಅಮ್ಮ" ಅನ್ನುತ್ತಾನೆ. ಆಗ ನೀನು ಏನು ಹೇಳುತ್ತೀ? ನಿನ್ನ ಹೆಂಡತಿ, ಮಗಳು ಹಿಂದೆ ಹತ್ತುತ್ತಾರೆ. ಹತ್ತುವ ಮೊದಲು ಎಡಗಡೆ ಹಿಂದಿನ ಬಾಗಿಲ ಬಳಿ ಬಗ್ಗು. ಕಾಲಿಡುವ ಪಟ್ಟಿಯ ಅಡಿಗೆ ಕೈ ಹಾಕಿ ಸವರು. ಬಾರ್ಲಿ ಕಾಳಿನಷ್ಟು ಹನಿ ಸಿಕ್ಕರೆ ಹತ್ತಬೇಡಿ. ಸಿಗದಿದ್ದರೂ ಮ್ಯಾಟ್ ಎತ್ತಿ ನೋಡು. ನಿನ್ನ ಹಾಗೆ ಯೋಚಿಸಿದ ಅಣ್ಣಂದಿರು ಎಷ್ಟು ಜನರೋ. ಚಾಲಕನಿಗೆ ಸಿಟ್ಟು ಬರುತ್ತದೆ. ಬರಲಿ.

ಆ ಎರಡು ಮಕ್ಕಳ ತಾಯಿ ನನಗೆ ಏನಾಗಬೇಕು ಅಂತ ಕೇಳಿದ್ದೆ. ಅವಳ ಹೆಸರು ನನಗೆ ಗೊತ್ತಿಲ್ಲ. ಚೋಲ್ಪೊನ್‌ಳ ಹೆಸರು ನಮ್ಮ ಗಾಡಿ ಕೊಂಡ ಆ ಬಿಷ್ಕೆಕ್‌ನವನಿಗೂ ಗೊತ್ತಿಲ್ಲ.

ನಾನು ಇನ್ನೂ ಸ್ಟ್ಯಾಂಡಿಗೆ ಹೋಗುತ್ತೇನೆ. ಬಿಷ್ಕೆಕ್‌ನಿಂದ ಬರುವ ಆ ಮಾದರಿಯ ಪ್ರತಿ ಗಾಡಿಯ ಅಡಿಗೂ, ಬಣ್ಣ ಯಾವುದೇ ಇರಲಿ, ಕೈ ಹಾಕಿ ನೋಡುತ್ತೇನೆ. "ಏನ್ ಕಳ್ಕೊಂಡಿದೀಯಮ್ಮ?" ಅಂತ ಹೊಸಬರು ಕೇಳುತ್ತಾರೆ. ಹಳಬರು ಕೇಳುವುದಿಲ್ಲ. ಇಲ್ಲಿಯವರೆಗೆ ಸಿಕ್ಕಿಲ್ಲ.

ಮಗುವಿಗೆ ಹೆಸರಿಡಲು ಅಪ್ಪನಿಗೆ ಹೇಳಿದೆ. "ಮನೆಗೆ ಬಂದು ಮುಟ್ಟಲಿ, ಆಮೇಲೆ," ಅಂದರು.

ನೀವು ಬರುವ ದಿನ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಆದರೆ ನೀನು ಕೈ ಚಾಚಿದ ಕೂಡಲೇ ನಾನು ಓಡಿಬಂದು ಮಗುವನ್ನು ಎತ್ತಿಕೊಳ್ಳಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ಮೊದಲು ನೀವು ಇಳಿದ ಗಾಡಿಯ ಬಾಗಿಲ ಕೆಳಗೆ ಬೆರಳಾಡಿಸುತ್ತೇನೆ. ಆಮೇಲೆ ಅವಳ ಮುಖ ನೋಡುತ್ತೇನೆ.

ಬುರುಲ್